ದನಿಯ ಗುತ್ತಿಗೆ

ಒಂದು ಆಲ್ಬಂ ಎಂದರೆ ಎಷ್ಟು ನಿಮಿಷ? ಮಕ್ಕಳು ಕೇಳುವ ಪ್ರಶ್ನೆಯಂತೆ ಕಾಣುತ್ತದೆ. ಆದರೆ 2022ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತಿತು. ವಾದಿಯ ಹೆಸರು ಮೇಗನ್ ಪೀಟ್. ಲೋಕಕ್ಕೆ ಆಕೆ ಗೊತ್ತಿರುವುದು ಮೇಗನ್ ದಿ ಸ್ಟಾಲಿಯನ್ ಎಂಬ ಹೆಸರಿನಿಂದ. ನಮ್ಮ ಕಾಲದ ದೊಡ್ಡ ರ‍್ಯಾಪರ್‌ಗಳಲ್ಲಿ ಒಬ್ಬಳು. ಪ್ರತಿವಾದಿ, ಆಕೆಯ ಮೊದಲ ಕಂಪನಿ 1501 ಸರ್ಟಿಫೈಡ್ ಎಂಟರ್‌ಟೈನ್‌ಮೆಂಟ್. 2021ರ ಅಕ್ಟೋಬರಿನಲ್ಲಿ ತಾನು ಹೊರತಂದದ್ದು ಕರಾರಿನ ಪ್ರಕಾರ ಒಂದು ಆಲ್ಬಂ, ಯಾಕೆಂದರೆ ಅದು 45 ನಿಮಿಷ ದಾಟಿದೆ ಎಂದು ಮೇಗನ್ ವಾದಿಸಿದಳು. ಅದರಲ್ಲಿ ಹೊಸ ಸರಕು ಇರುವುದು 29 ನಿಮಿಷ ಮಾತ್ರ, ಉಳಿದದ್ದು ಹಳೆಯದು, ಆದ್ದರಿಂದ ಅದು ಆಲ್ಬಂ ಅಲ್ಲ ಎಂದು ಕಂಪನಿ ಹೇಳಿತು. ಹದಿನಾರು ನಿಮಿಷದ ಈ ಜಗಳದ ಹಿಂದೆ ಇದ್ದದ್ದು ಬೇರೆಯೇ ಲೆಕ್ಕ. ಅದು ಆಲ್ಬಂ ಎಂದಾದರೆ ಆಕೆ ಕಂಪನಿಗೆ ಕೊಡಬೇಕಾದ ಆಲ್ಬಂಗಳಲ್ಲಿ ಒಂದು ತೀರುತ್ತದೆ, ಬಿಡುಗಡೆ ಹತ್ತಿರವಾಗುತ್ತದೆ. ಅಲ್ಲವೆಂದಾದರೆ ಇನ್ನೂ ದುಡಿಯಬೇಕು.

ಈ ಹುಡುಗಿಯ ದಾರಿಯನ್ನು ಮೊದಲಿನಿಂದ ನೋಡಬೇಕು. ಹುಟ್ಟಿದ್ದು 1995ರಲ್ಲಿ, ಬೆಳೆದದ್ದು ಹ್ಯೂಸ್ಟನ್ನಿನಲ್ಲಿ. ತಾಯಿ ಹಾಲಿ ಥಾಮಸ್ ಕೂಡ 'ಹಾಲಿವುಡ್' ಎಂಬ ಹೆಸರಿಟ್ಟುಕೊಂಡು ರ‍್ಯಾಪ್ ಮಾಡುತ್ತಿದ್ದವರು. ತಾಯಿಯ ರೆಕಾರ್ಡಿಂಗ್ ನೋಡುತ್ತ, ತಾಯಿ ಬರೆಯುವುದನ್ನು ನೋಡುತ್ತ ಮಗಳು ಕಲಿತಳು. ಮಗಳು ಹಾಡುವ ಕಾಲ ಬಂದಾಗ ತಾಯಿಯೇ ಮ್ಯಾನೇಜರ್ ಆಗಿ ನಿಂತರು. 2018ರಲ್ಲಿ 1501 ಕಂಪನಿಯ ಕರಾರಿಗೆ ಸಹಿ ಬಿತ್ತು. ಅದೇ ವರ್ಷದ ಕೊನೆಗೆ ಅದಕ್ಕಿಂತ ದೊಡ್ಡದಾದ 300 ಎಂಟರ್‌ಟೈನ್‌ಮೆಂಟ್ ಜೊತೆಗೂ ಒಪ್ಪಂದವಾಯಿತು. 2019ರ ಮಾರ್ಚಿನಲ್ಲಿ ತಾಯಿ ತೀರಿಹೋದರು. ಒಂದು ವರ್ಷದ ನಂತರ, 2020ರ ಮಾರ್ಚಿನಲ್ಲಿ, ಮೇಗನ್ ಕಂಪನಿಯ ಮೇಲೆ ದಾವೆ ಹೂಡಿದಳು. ಸಹಿ ಮಾಡುವಾಗ ತಾನಿನ್ನೂ ಚಿಕ್ಕವಳು, ಕರಾರಿನಲ್ಲಿ ಏನಿದೆಯೆಂದು ಪೂರ್ತಿ ಗೊತ್ತಿರಲಿಲ್ಲ ಎಂದು ಆಕೆ ಬಹಿರಂಗವಾಗಿ ಹೇಳಿಕೊಂಡಳು. ಧ್ವನಿಮುದ್ರಣದ ಆದಾಯದಲ್ಲಿ ಕಂಪನಿಗೆ ಶೇಕಡಾ 60, ತನಗೆ 40, ಆ ನಲವತ್ತರಲ್ಲೇ ಸಂಗೀತ ಕಟ್ಟಿಕೊಟ್ಟವರಿಗೂ ಜೊತೆಗೆ ಹಾಡಿದವರಿಗೂ ಕೊಡಬೇಕು ಎಂಬುದು ಆಕೆಯ ದೂರು. ಕಂಪನಿ ಅದನ್ನು ಒಪ್ಪಲಿಲ್ಲ.

ಆ ಜಗಳ ನಡೆಯುತ್ತಿದ್ದ ವರ್ಷಗಳೇ ಆಕೆಯ ಏರುಗಾಲದ ವರ್ಷಗಳು. 2020ರಲ್ಲಿ ಬಿಯಾನ್ಸೆ ಜೊತೆ ಒಂದು, ಕಾರ್ಡಿ ಬಿ ಜೊತೆ ಇನ್ನೊಂದು, ಹೀಗೆ ಎರಡು ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. 2021ರಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಆಕೆ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯದಿಂದ ಪದವಿಯನ್ನೂ ಮುಗಿಸಿದಳು. ಹೊರಗಿನಿಂದ ನೋಡುವವರಿಗೆ ಇದು ಗೆಲುವಿನ ಮೇಲೆ ಗೆಲುವು. ಒಳಗೆ ಮಾತ್ರ, ಯಾವ ಹಾಡು ಯಾವಾಗ ಬಿಡಬಹುದು ಎನ್ನುವುದಕ್ಕೂ ಕೋರ್ಟಿನ ಆದೇಶ ಬೇಕಾಗಿತ್ತು. 2023ರ ಅಕ್ಟೋಬರಿನಲ್ಲಿ ಎರಡೂ ಕಡೆಯವರು ರಾಜಿಯಾಗಿ ಬೇರೆಯಾದರು. ಹದಿನಾರು ನಿಮಿಷದ ಪ್ರಶ್ನೆ ಕೊನೆಗೆ ಕೋರ್ಟಿನ ತೀರ್ಪು ಕಾಣಲಿಲ್ಲ.

ನಾನು ಹಂಪಿ, ಸಂಡೂರು, ಕಂಪ್ಲಿ ಸುತ್ತಿನ ಕಥೆ ಹೇಳುವ ಹೆಣ್ಣುಮಕ್ಕಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ಹ್ಯೂಸ್ಟನ್ನಿನ ಕೋರ್ಟಿನ ಕಾಗದ ನನಗೆ ಯಾಕೆ ಬೇಕಾಯಿತು ಎಂದರೆ ಅದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗಳು. ಹೊಸಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ನನ್ನ ಬಾಡಿಗೆ ರೂಮಿನಲ್ಲೇ ಇರುತ್ತಾಳೆ, ರಾತ್ರಿ ಹೊತ್ತು ಫೋನಿನಲ್ಲಿ ಬೀಟ್ ಹಾಕಿಕೊಂಡು ನಮ್ಮ ಕಡೆಯ ಕನ್ನಡದಲ್ಲಿ ರ‍್ಯಾಪ್ ಕಟ್ಟುತ್ತಾಳೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋದಾಗ ಊರಿಗೆ ಊರೇ ಎಷ್ಟು ಟಿಎಂಸಿ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತ ಕೂತಿತ್ತು. ಇವಳು ಆ ಗೇಟನ್ನೇ ಮಾತಾಡಿಸುವಂತೆ ಒಂದು ಹಾಡು ಕಟ್ಟಿದಳು. ಗೇಟು ಎಪ್ಪತ್ತು ವರ್ಷ ನೀರು ತಡೆದು ನಿಂತ ಮುದುಕಿಯ ಹಾಗೆ ಮಾತಾಡುತ್ತದೆ. ಅದು ಫೋನಿಂದ ಫೋನಿಗೆ ಹಾರಿತು. ಅದರ ಮೇಲೆ ಇನ್ನೂ ಆರೇಳು ಹಾಡು ಬಂದವು. ಆಮೇಲೆ ಒಂದು ದಿನ ಒಂದು ಮ್ಯೂಸಿಕ್ ಕಂಪನಿಯಿಂದ ಹದಿನಾಲ್ಕು ಪುಟದ ಇಂಗ್ಲಿಷ್ ಅಗ್ರಿಮೆಂಟ್ ಅವಳ ವಾಟ್ಸಾಪಿಗೆ ಬಂತು.

"ಯಕ್ಕಾ, ಇದರಾಗ ಏನೈತಿ ಓದಿ ಹೇಳು. ನೀನು ಪಿಎಚ್‌ಡಿ ಮಾಡಾಕತ್ತೀಯಲ್ಲ."

"ನಾ ಮಾಡಾಕತ್ತಿರೋದು ಜಾನಪದ, ವಕೀಲಿಕೆ ಅಲ್ಲ."

"ಎರಡೂ ಓದೋದೇ ಅಲ್ಲೇನು?"

ಓದಿದೆ. ಒಂದು ವಾರ ಹಿಡಿಯಿತು. ಆ ವಾರದಲ್ಲಿ ಅವಳಿಗೆ ಅರ್ಥ ಹೇಳುವ ನೆಪದಲ್ಲಿ ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇವತ್ತು ನಮ್ಮ ಊರುಗಳಲ್ಲಿ ಇಂಥ ಕಾಗದ ಕೈಗೆ ಬಂದಿರುವ ಹುಡುಗಿ ಇವಳೊಬ್ಬಳೇ ಇರಲಾರಳು. ಕೊಡೈಕನಾಲ್ ಕಡೆಯ ಇರ್ಫಾನಾ ತಮಿಳಿನಲ್ಲಿ ರ‍್ಯಾಪ್ ಮಾಡುತ್ತ ಡೆಫ್ ಜ್ಯಾಮ್ ಇಂಡಿಯಾ ಸೇರಿದರು. ಅದು ಯೂನಿವರ್ಸಲ್ ಮ್ಯೂಸಿಕ್ ಎಂಬ ಜಗತ್ತಿನ ಅತಿ ದೊಡ್ಡ ಸಂಗೀತ ಕಂಪನಿಯ ಕೊಂಬೆ. ದೊಡ್ಡ ಕಂಪನಿಗಳು ಈಗ ಸಣ್ಣ ಊರಿನ ನಾಲಿಗೆಯನ್ನು ಹುಡುಕಿಕೊಂಡು ಬರುತ್ತಿವೆ. ಇದು ಸಂತೋಷದ ಸುದ್ದಿಯೇ. ಕಾಗದ ಓದಿಕೊಂಡರೆ ಇನ್ನೂ ಸಂತೋಷ.

ಅಗ್ರಿಮೆಂಟಿನ ಮೂರನೇ ಪುಟದಲ್ಲಿ ಅಡ್ವಾನ್ಸ್ ಇತ್ತು. ಮೊತ್ತ ಕೇಳಿ ಅವಳ ಕಣ್ಣು ಅರಳಿತ್ತು. ಭಾನುವಾರ ಇಬ್ಬರೂ ಬಸ್ಸು ಹತ್ತಿ ಕಂಪ್ಲಿಗೆ ಹೋದೆವು. ಚಿಕ್ಕಪ್ಪ ಅಲ್ಲಿ ಗದ್ದೆ ಗುತ್ತಿಗೆ ಹಿಡಿದು ಭತ್ತ ಬೆಳೆಯುತ್ತಾರೆ. ಗೇಟು ಕೊಚ್ಚಿಹೋದ ವರ್ಷದ ಆತಂಕ, ಅದರ ಹಿಂದಿನ ವರ್ಷದ ಬರ, ಎಲ್ಲ ಸೇರಿ ದಲ್ಲಾಲಿ ಅಂಗಡಿಯ ಸಾಲ ಬೆಳೆದಿತ್ತು. ಕಂಪನಿಯ ಅಡ್ವಾನ್ಸು ಹೆಚ್ಚುಕಡಿಮೆ ಆ ಸಾಲದಷ್ಟೇ ಇತ್ತು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಎಲ್ಲರ ತಲೆಯಲ್ಲಿ ಓಡುತ್ತಿದ್ದದ್ದು ಅದೇ.

ನಾನು ಚಿಕ್ಕಪ್ಪನಿಗೆ ವಿವರಿಸಿದೆ. ಈ ಅಡ್ವಾನ್ಸು ಸಂಬಳವಲ್ಲ. ಹಾಡು ದುಡಿದ ಮೇಲೆ ಅವಳ ಪಾಲಿನಿಂದ ಕಂಪನಿ ಇದನ್ನು ಮೊದಲು ಹಿಡಿದುಕೊಳ್ಳುತ್ತದೆ. ವಿಡಿಯೊ ತೆಗೆದ ಖರ್ಚು, ಪ್ರಚಾರದ ಖರ್ಚು, ಸ್ಟುಡಿಯೋ ಬಾಡಿಗೆ ಕೂಡ ಅವಳ ಪಾಲಿನಿಂದಲೇ ಹೋಗುತ್ತದೆ. ಅದೆಲ್ಲ ತೀರಿದ ಮೇಲೆ ಅವಳಿಗೆ ಮೊದಲ ರೂಪಾಯಿ. ಖರ್ಚು ಎಷ್ಟು ಮಾಡಬೇಕೆಂದು ತೀರ್ಮಾನಿಸುವುದೂ ಕಂಪನಿಯೇ. ನಾನು ಹೇಳಿ ಮುಗಿಸುವುದರೊಳಗೆ ಚಿಕ್ಕಪ್ಪ ತಲೆಯಾಡಿಸಿದರು.

"ಇದು ದಲ್ಲಾಲಿ ಅಂಗಡಿ ಲೆಕ್ಕನೇ ಬಿಡವ್ವ. ಗೊಬ್ಬರ ಅವಂದು, ಎಣ್ಣಿ ಅವಂದು, ಭತ್ತ ತೂಗೋ ಕಾಟಾನೂ ಅವಂದು. ಸುಗ್ಗಿ ಆದಮ್ಯಾಲೆ ನಮ್ಮ ಕೈಗೆ ಬರೋದು ಚೀಟಿ."

ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿ. ಯಾವ ಸಂಗೀತ ವಕೀಲರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಆದರೆ ಚಿಕ್ಕಪ್ಪ ಇನ್ನೊಂದು ಮಾತು ಸೇರಿಸಿದರು. ದಲ್ಲಾಲಿ ಎಷ್ಟೇ ಹಿಡಿದುಕೊಂಡರೂ ಹಿಡಿಯುವುದು ಒಂದು ಬೆಳೆಯನ್ನು. ಗದ್ದೆಯ ಯಜಮಾನನೂ ಗದ್ದೆಯನ್ನು ಕೊಡುವುದು ವರ್ಷದ ಲೆಕ್ಕಕ್ಕೆ. ಗುತ್ತಿಗೆ ಬೇರೆ, ಕ್ರಯ ಬೇರೆ. "ಇದು ಗುತ್ತಿಗಿ ಕಾಗದನೋ, ಕ್ರಯಪತ್ರನೋ, ಅದನ್ನ ನೋಡು ಮೊದಲು."

ಅದನ್ನು ನೋಡಲು ಐದನೇ ಪುಟಕ್ಕೆ ಹೋಗಬೇಕಾಯಿತು. ಅಲ್ಲಿದ್ದದ್ದು ಕ್ರಯಪತ್ರವೇ. ಕರಾರಿನ ಅವಧಿಯಲ್ಲಿ ಅವಳು ಹಾಡುವ ಎಲ್ಲದರ ಮಾಸ್ಟರ್ ಕಂಪನಿಗೆ ಸೇರುತ್ತದೆ, ಜಗತ್ತಿನಾದ್ಯಂತ, ಶಾಶ್ವತವಾಗಿ, ಈಗ ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ.

ಈ 'ಮಾಸ್ಟರ್' ಎಂಬ ಮಾತು ಗ್ರಾಮಾಫೋನಿನ ಕಾಲದ್ದು. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎದುರು ಕೊಳವೆಯೊಳಗೆ ಮುಖವಿಟ್ಟು ಹಾಡಿದರು. ಆ ದನಿ ಮೇಣದ ತಟ್ಟೆಯ ಮೇಲೆ ಗೀರಾಯಿತು. ಆ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಯಿತು. ಅಲ್ಲಿ ಅದರಿಂದ ಲೋಹದ ಅಚ್ಚು ತೆಗೆದರು. ಅಚ್ಚಿನಿಂದ ಎಷ್ಟು ಬೇಕಾದರೂ ತಟ್ಟೆ ಒತ್ತಬಹುದು. ಅಂದರೆ ಅಚ್ಚು ಯಾರ ಕೈಯಲ್ಲಿದೆಯೋ ಹಾಡು ಅವರದು. ಹಾಡಿದವರ ಕೊರಳು ನಾಳೆ ಒಡೆದರೂ ತಟ್ಟೆ ಮಾರಾಟ ನಿಲ್ಲುವುದಿಲ್ಲ. ಇವತ್ತು ಮೇಣವೂ ಇಲ್ಲ, ಲೋಹವೂ ಇಲ್ಲ, ಮಾಸ್ಟರ್ ಎಂಬುದು ಕಂಪ್ಯೂಟರಿನ ಒಂದು ಫೈಲು. ಮಾತು ಮಾತ್ರ ಹಾಗೇ ಉಳಿದಿದೆ, ಅದರ ಅರ್ಥವೂ ಉಳಿದಿದೆ.

ಗೌಹರ್ ಜಾನ್ ಆ ಕಾಲಕ್ಕೆ ದೊಡ್ಡ ಬೆಲೆ ಕೇಳಿದವರು. ಮೊದಲ ಸಲಕ್ಕೇ ಮೂರು ಸಾವಿರ ರೂಪಾಯಿ ಪಡೆದರು ಎಂದು ಹೇಳುತ್ತಾರೆ. ಮುಂದೆ ಹಲವು ಭಾಷೆಗಳಲ್ಲಿ ನೂರಾರು ತಟ್ಟೆ ಕೊಟ್ಟರು. ಅವರ ಕಥೆ ನಮ್ಮ ನಾಡಿನಲ್ಲೇ ಮುಗಿಯಿತು. ಕೋರ್ಟು ಕಚೇರಿಗಳಲ್ಲಿ ಆಸ್ತಿ ಕರಗಿದ ಮೇಲೆ 1928ರ ಆಗಸ್ಟಿನಲ್ಲಿ ಅವರು ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ತಿಂಗಳಿಗೆ 500 ರೂಪಾಯಿಯ ನೇಮಕವಾಯಿತು. ಒಂದೂವರೆ ವರ್ಷ ಕಳೆಯುವುದರೊಳಗೆ, 1930ರ ಜನವರಿ 17ರಂದು, ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಶದ ಮನೆಮನೆಯಲ್ಲಿ ಅವರ ತಟ್ಟೆ ತಿರುಗುತ್ತಿತ್ತು. ಕೊನೆಯ ದಿನಗಳಲ್ಲಿ ಅವರ ಊಟಕ್ಕೆ ಆಧಾರವಾದದ್ದು ಅರಮನೆಯ ತಿಂಗಳ ಸಂಬಳ.

ಒಂಬತ್ತನೇ ಪುಟದಲ್ಲಿ ಹೆಸರಿನ ಷರತ್ತು. ಅವಳು ಹಾಡಲು ಇಟ್ಟುಕೊಂಡಿರುವ ಹೆಸರನ್ನು ಕಂಪನಿ ಬಳಸಬಹುದು, ಬದಲಾಯಿಸಲು ಸೂಚಿಸಬಹುದು, ಕರಾರು ಮುಗಿದ ಮೇಲೂ ಆ ಹೆಸರಿನ ಮೇಲೆ ಕಂಪನಿಗೆ ಹಕ್ಕಿರುತ್ತದೆ. ಚಿಕ್ಕಮ್ಮ ಅದುವರೆಗೆ ಒಲೆಯ ಹತ್ತಿರದಿಂದಲೇ ಕೇಳುತ್ತಿದ್ದವರು ಹೆಸರು ಎಂಬ ಮಾತು ಕಿವಿಗೆ ಬಿದ್ದೊಡನೆ ಹೊರಗೆ ಬಂದರು. "ಹೆಸರಿಗೆ ಏನೂ ಆಗಬಾರದವ್ವ. ಹೆಣ್ಣುಡುಗಿ, ನಾಳೆ ನಾಕು ಮಂದಿ ನಾಕು ಮಾತು ಆಡ್ತಾರ." ಚಿಕ್ಕಮ್ಮ ಹೇಳುತ್ತಿದ್ದ ಹೆಸರು ಬೇರೆ, ಕಾಗದದಲ್ಲಿದ್ದ ಹೆಸರು ಬೇರೆ. ಆದರೆ ಹಾಡುವ ಹೆಣ್ಣುಮಕ್ಕಳ ಚರಿತ್ರೆಯಲ್ಲಿ ಇವೆರಡೂ ಯಾವತ್ತೂ ಅಂಟಿಕೊಂಡೇ ಬಂದಿವೆ.

ಗೌಹರ್ ಜಾನ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಹ್ಯಾನೋವರಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಲಿ ಎಂಬುದು ಅದರ ಉದ್ದೇಶ. ಕಂಪನಿಯ ಅನುಕೂಲಕ್ಕೆ ಮಾಡಿದ ಏರ್ಪಾಡು ಅದು. ಆದರೆ ಇವತ್ತು ಆ ತಟ್ಟೆ ಕೇಳುವವರಿಗೆ ಹಾಡಿಗಿಂತ ಮೊದಲು ಮನಸ್ಸಿಗೆ ನಾಟುವುದು ಆ ಕೂಗು. ಮೂವತ್ತು ವರ್ಷದ ನಂತರ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆಯುತ್ತಿದ್ದ ಒಬ್ಬ ತರುಣಿಯನ್ನು ಎಚ್‌ಎಂವಿ ಕಂಪನಿ ಹುಡುಕಿಕೊಂಡು ಬಂತು. ಆರಂಭದ ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಎಂದು ಅಚ್ಚಾಯಿತು. ಅವರು ಮುಂದೆ ಗಂಗೂಬಾಯಿ ಹಾನಗಲ್ ಎಂಬ ಹೆಸರಿನಲ್ಲಿ ಹಿಂದೂಸ್ತಾನಿ ಸಂಗೀತದ ಶಿಖರವಾದರು. ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು. ಗಂಟಲಿನ ತೊಂದರೆಯಿಂದ ದನಿಯೇ ಬದಲಾಗಿ ಗಡುಸಾದ ಮೇಲೂ ಆ ದನಿಯನ್ನೇ ತಮ್ಮ ಗುರುತು ಮಾಡಿಕೊಂಡರು. ಹಳೆಯ ತಟ್ಟೆಯ ಗಾಂಧಾರಿಯ ಎಳೆ ದನಿ ಅಲ್ಲೇ ಉಳಿಯಿತು, ಗಂಗೂಬಾಯಿ 2009ರವರೆಗೂ ಬದುಕಿ ತಮ್ಮ ಹೆಸರನ್ನು ತಾವೇ ದೊಡ್ಡದು ಮಾಡಿದರು. ಮೂವತ್ತರ ದಶಕದ ಆ ಹುಡುಗಿ ಒಂದೇ ಹೆಸರಿಗೆ, ಒಂದೇ ದನಿಗೆ, ಶಾಶ್ವತವಾಗಿ ಕಟ್ಟಿಬಿದ್ದಿದ್ದರೆ? ಇಪ್ಪತ್ತೆರಡರ ವಯಸ್ಸಿನ ದನಿಯೇ ಕೊನೆಯ ದನಿಯಲ್ಲ. ಹೆಸರಿನ ಷರತ್ತು ಓದುವಾಗ ನಾನು ತಂಗಿಗೆ ಹೇಳಿದ್ದು ಇಷ್ಟೇ.

ಇನ್ನು ಕಾನೂನು ಏನು ಹೇಳುತ್ತದೆ ಎಂಬುದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಅದಕ್ಕಾಗಿ ರಾಜ್ಯಸಭೆಯ ಒಳಗೂ ಹೊರಗೂ ಗಟ್ಟಿಯಾಗಿ ಮಾತಾಡಿದವರು ಕವಿ ಜಾವೇದ್ ಅಖ್ತರ್. ಆ ತಿದ್ದುಪಡಿಯ ಪ್ರಕಾರ ಹಾಡಿನ ಮಾತು ಬರೆದವರು, ರಾಗ ಕಟ್ಟಿದವರು ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಸಹಿ ಮಾಡಿದರೂ ಅದು ನಡೆಯುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯದ ಸಂಘಕ್ಕೆ ಮಾತ್ರ ಅದನ್ನು ಕೊಡಬಹುದು. ರ‍್ಯಾಪ್ ಮಾಡುವ ಹುಡುಗಿ ಹಾಡುಗಾರ್ತಿ ಮಾತ್ರವಲ್ಲ, ತನ್ನ ಮಾತನ್ನು ತಾನೇ ಬರೆದವಳು. ಆದ್ದರಿಂದ ಆಕೆ ಬರಹಗಾರ್ತಿಯಾಗಿ ಐಪಿಆರ್‌ಎಸ್ ಎಂಬ ಸಂಘದ ಸದಸ್ಯಳಾಗಬಹುದು. ಸಿನಿಮಾ ಸಾಹಿತಿಗಳಿಗೆ ಮಾತ್ರ ಎಂದು ತುಂಬ ಜನ ತಿಳಿದಿರುವ ಸಂಘ ಅದು.

ಕಾಯ್ದೆಯ 19ನೇ ಕಲಮು ಇನ್ನೂ ಸ್ವಾರಸ್ಯದ್ದು. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಹಕ್ಕು ಬರೆದುಕೊಟ್ಟವರಿಗೇ ಮರಳುತ್ತದೆ. 38ಬಿ ಕಲಮಿನ ಪ್ರಕಾರ ಹಾಡಿದವರನ್ನು ಹಾಡಿದವರೆಂದು ಹೆಸರಿಸಬೇಕು. ಅಂದರೆ ಕಾನೂನು ತಾನಾಗಿ ಒಲಿದಿರುವುದು ಗುತ್ತಿಗೆಯ ಕಡೆಗೆ. 'ಜಗತ್ತಿನಾದ್ಯಂತ', 'ಶಾಶ್ವತವಾಗಿ' ಎಂಬ ಎರಡು ಮಾತು ಬರೆದಾಗಲೇ ಅದು ಕ್ರಯವಾಗುವುದು. ಧ್ವನಿಮುದ್ರಣದ ಹಕ್ಕು 60 ವರ್ಷ ಬಾಳುತ್ತದೆ. ಅವಳಿಗೆ ಈಗ ಇಪ್ಪತ್ತೆರಡು. ಇವತ್ತಿನ ಹಾಡು ಅವಳ ಎಂಬತ್ತರವರೆಗೆ ಬೇರೆಯವರ ಮನೆಯಲ್ಲಿ ದುಡಿಯುತ್ತದೆ.

ಹ್ಯೂಸ್ಟನ್ನಿನ ಹುಡುಗಿ ಕಲಿತದ್ದೂ ಇದನ್ನೇ ಎಂದು ನನಗನ್ನಿಸುತ್ತದೆ. ಹಳೆಯ ಕರಾರಿನಿಂದ ಹೊರಬಂದ ಮೇಲೆ ಆಕೆ ದೊಡ್ಡ ಕಂಪನಿಗಳ ಮೇಲೆ ಮುನಿಸಿಕೊಂಡು ಕೂರಲಿಲ್ಲ. ತನ್ನದೇ ಹಾಟ್ ಗರ್ಲ್ ಪ್ರೊಡಕ್ಷನ್ಸ್ ಎಂಬ ಸಂಸ್ಥೆ ಮಾಡಿಕೊಂಡು, ಮಾಸ್ಟರ್ ತನ್ನ ಕೈಯಲ್ಲೇ ಇಟ್ಟುಕೊಂಡು, ಹಂಚುವ ಕೆಲಸವನ್ನು ಮಾತ್ರ ವಾರ್ನರ್ ಮ್ಯೂಸಿಕ್ ಕಂಪನಿಗೆ ಕೊಟ್ಟಳು. 2024ರ ಜನವರಿಯಲ್ಲಿ ಆಕೆ ಬಿಟ್ಟ ಒಂದು ಹಾಡು ನೇರ ಮೊದಲ ಸ್ಥಾನಕ್ಕೆ ಹೋಯಿತು. ಜೊತೆಯಲ್ಲಿ ಬೇರೆ ಯಾರ ಹೆಸರೂ ಇಲ್ಲದೆ ಆಕೆಗೆ ಸಿಕ್ಕ ಮೊದಲ ಒಂದನೇ ಸ್ಥಾನ ಅದು. ಬೆಳೆ ಮಾರಲು ಮಂಡಿ ಬೇಕೇ ಬೇಕು. ಗದ್ದೆಯ ಪಹಣಿ ಯಾರ ಹೆಸರಲ್ಲಿದೆ ಎಂಬುದು ಬೇರೆ ವಿಷಯ. ಆದರೆ ಒಂದು ಮಾತು ಮರೆಯಬಾರದು. ಈ ಮಟ್ಟದ ಕರಾರು ಕೇಳುವ ಶಕ್ತಿ ಆಕೆಗೆ ಬಂದದ್ದು ಗ್ರ್ಯಾಮಿ ಬಂದ ಮೇಲೆ, ಒಳ್ಳೆಯ ವಕೀಲರು ಸಿಕ್ಕ ಮೇಲೆ. ಕಂಪ್ಲಿಯ ಹುಡುಗಿಗೆ ಅದಿಲ್ಲ.

ಇಷ್ಟು ಬರೆದ ಮೇಲೆ ನನ್ನ ಸಂಶೋಧನೆಯ ಕಡೆಗೂ ತಿರುಗಬೇಕು. ರ‍್ಯಾಪ್ ನಮ್ಮಲ್ಲಿ ಮೊದಲಿನಿಂದಲೂ ಇತ್ತು, ಬುರ್ರಕಥೆಯೇ ನಮ್ಮ ರ‍್ಯಾಪ್ ಎಂದು ವೇದಿಕೆ ಮೇಲೆ ಹೇಳುವವರಿದ್ದಾರೆ. ನನಗೆ ಆ ಹೋಲಿಕೆ ಸರಿಬರುವುದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿಯಲ್ಲಿ ಹುಟ್ಟಿದ್ದಕ್ಕೆ ಅದರದೇ ನೋವು, ಅದರದೇ ಲಯ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಹುಟ್ಟಿದ್ದಕ್ಕೆ ಅದರದೇ. ಎರಡನ್ನೂ ಕೂಡಿಸುವ ಒಂದು ಸಂಗತಿ ಮಾತ್ರ ಇದೆ: ಎರಡೂ ಕಡೆ ಹೆಣ್ಣೊಬ್ಬಳು ಬಾಯಿಮಾತನ್ನೇ ಬಂಡವಾಳ ಮಾಡಿಕೊಂಡು ಬದುಕಿದ್ದಾಳೆ.

ದರೋಜಿ ಈರಮ್ಮನವರನ್ನು ನಮ್ಮ ಜಿಲ್ಲೆಗಳಲ್ಲಿ ಗೊತ್ತಿಲ್ಲದವರು ಕಡಿಮೆ. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದವರು. ಅಕ್ಷರ ಬಾರದು. ಮನೆಯ ಹಿರಿಯರಿಂದ ಚಿಕ್ಕಂದಿನಲ್ಲೇ ಕಲಿತು, ಮನೆಯ ಹೆಣ್ಣುಮಕ್ಕಳನ್ನೇ ಹಿಮ್ಮೇಳಕ್ಕೆ ಕೂರಿಸಿಕೊಂಡು ಊರೂರು ತಿರುಗಿ ಕಥೆ ಹೇಳಿದರು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ ಹೀಗೆ ಹನ್ನೆರಡು ಮಹಾಕಾವ್ಯ ಅವರ ನಾಲಿಗೆಯ ಮೇಲಿದ್ದವು. ಅಚ್ಚು ಹಾಕಿದರೆ ಏಳು ಸಾವಿರ ಪುಟವಾಗುತ್ತದೆ ಎಂದು ಬಲ್ಲವರು ಲೆಕ್ಕ ಹೇಳುತ್ತಾರೆ. ಕುಮಾರರಾಮನ ಕಥೆ ನಮಗೆ ದೂರದ್ದಲ್ಲ, ಅವನ ಅಪ್ಪ ಕಂಪಿಲರಾಯನ ಹೆಸರಿಗೂ ಕಂಪ್ಲಿಯ ಹೆಸರಿಗೂ ನಂಟಿದೆ. ಅಂಥ ಕಥೆ ಮೂರು ನಿಮಿಷದ ತಟ್ಟೆಗೆ ಬರುವುದಿಲ್ಲ, 45 ನಿಮಿಷದ ಆಲ್ಬಂಗೂ ಬರುವುದಿಲ್ಲ. ರಾತ್ರಿಗಳೇ ಬೇಕು. ಅವರ ಬಳಿಗೆ ಯಾವ ಮ್ಯೂಸಿಕ್ ಕಂಪನಿಯ ಕರಾರಿನ ದಾರಿಯೂ ಇರಲಿಲ್ಲ. ಹೋದವರು ನಮ್ಮಂಥ ಓದಿದವರು, ಟೇಪ್ ರೆಕಾರ್ಡರ್ ಹಿಡಿದುಕೊಂಡು. ಕಾವ್ಯಗಳು ಪುಸ್ತಕವಾದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡರು.

ಜಾನಪದ ಸಂಗ್ರಹ ಮಾಡುವವರು ಕಂಪನಿಯವರಲ್ಲ ಎಂದು ನಾವು ನಮಗೆ ಹೇಳಿಕೊಳ್ಳುತ್ತೇವೆ. ಆದರೂ ನಮ್ಮ ಎಷ್ಟೋ ಜನಪದ ಸಂಗ್ರಹಗಳ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿರುವುದು ಸಂಪಾದಕರ ಹೆಸರು. ಹಾಡಿದವರ ಹೆಸರು ಒಳಗೆ, ಅರಿಕೆಯಲ್ಲಿ, ಕೆಲವು ಕಡೆ 'ವಕ್ತೃಗಳು' ಎಂಬ ಪಟ್ಟಿಯಲ್ಲಿ. ಅಚ್ಚು ಯಾರ ಕೈಯಲ್ಲಿದೆಯೋ ಹಾಡು ಅವರದು ಎಂಬ ಹ್ಯಾನೋವರಿನ ಸೂತ್ರ ವಿಶ್ವವಿದ್ಯಾಲಯಗಳ ಕಪಾಟಿಗೂ ಅನ್ವಯಿಸುತ್ತದೆ. ಹಾಡು ಉಳಿದದ್ದು ಅಂಥ ಸಂಗ್ರಹಗಳಿಂದಲೇ ಎನ್ನುವುದೂ ನಿಜ. ಎರಡೂ ನಿಜಗಳನ್ನು ಒಟ್ಟಿಗೆ ಹಿಡಿದುಕೊಂಡು ಕೆಲಸ ಮಾಡಬೇಕಾಗಿದೆ.

ಸಂಡೂರು ಕಡೆಯ ಒಬ್ಬ ಅಜ್ಜಿಯ ಕಥೆ ರೆಕಾರ್ಡ್ ಮಾಡಿಕೊಳ್ಳುವ ಮೊದಲು ನಾನು ಒಪ್ಪಿಗೆ ಪತ್ರ ಓದಿ ಹೇಳಿದೆ. ಅವರು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳದೆ ನನ್ನ ಮುಖ ನೋಡಿದರು.

"ಈ ಡಬ್ಬ್ಯಾಗ ನನ್ನ ದನಿ ಎಷ್ಟು ದಿನ ಇರ್ತೈತವ್ವ?"

"ತುಂಬ ದಿನ ಇರ್ತೈತಿ ಅಜ್ಜಿ."

"ನಾ ಸತ್ತಮ್ಯಾಲೂ?"

"ಹೂಂ, ಆಮ್ಯಾಲೂ."

"ಹಂಗಾದ್ರ ಕೇಳಿದೋರು ನನ್ನ ಹೆಸರು ಹೇಳಬೇಕು. ದುಡ್ಡು ಬಂದ್ರ ನನ್ನ ಮೊಮ್ಮಗಗ ಕೊಡಬೇಕು. ಅಷ್ಟು ಬರಕೋ, ಆಮ್ಯಾಲೆ ಒತ್ತತೀನಿ."

ಅವಧಿ, ಹೆಸರು, ಹಣ, ವಾರಸುದಾರರು. ಹದಿನಾಲ್ಕು ಪುಟದಲ್ಲಿ ಇರಬೇಕಾದದ್ದೆಲ್ಲ ಅಜ್ಜಿಯ ಎರಡು ಮಾತಿನಲ್ಲಿತ್ತು. ಬರೆದುಕೊಂಡೆ. ರೆಕಾರ್ಡಿಂಗಿನ ಒಂದು ಪ್ರತಿಯನ್ನು ಮೆಮೊರಿ ಕಾರ್ಡಿಗೆ ಹಾಕಿ ಮೊಮ್ಮಗನ ಕೈಗೆ ಕೊಟ್ಟು ಬಂದೆ.

ತಂಗಿಗೆ ಈ ಕಥೆ ಹೇಳಿದೆ. ಅವಳು ನಗಲಿಲ್ಲ. ಮಾರನೇ ದಿನ ನಾವಿಬ್ಬರೂ ಹೊಸಪೇಟೆಯ ಒಬ್ಬ ವಕೀಲರ ಹತ್ತಿರ ಕೂತು ಕಂಪನಿಗೆ ನಾಲ್ಕು ಪ್ರಶ್ನೆ ಬರೆದೆವು. ಶಾಶ್ವತ ಎನ್ನುವ ಬದಲು ಎಷ್ಟು ವರ್ಷ? ಖರ್ಚಿಗೆ ಮಿತಿ ಎಷ್ಟು, ಲೆಕ್ಕ ವರ್ಷಕ್ಕೆ ಎಷ್ಟು ಸಲ ತೋರಿಸುತ್ತೀರಿ? ಹೆಸರು ಯಾರದು? ಮಾಸ್ಟರ್ ಯಾವಾಗ ಮರಳುತ್ತದೆ? ಮೂರು ವಾರದ ಮೇಲೆ ಉತ್ತರ ಬಂತು. ಹೆಸರು ಅವಳದೇ ಇರಲಿ. ಲೆಕ್ಕ ಆರು ತಿಂಗಳಿಗೊಮ್ಮೆ ಕೊಡುತ್ತೇವೆ, ಖರ್ಚಿಗೂ ಮಿತಿ ಹಾಕುತ್ತೇವೆ. ಶಾಶ್ವತ ಎಂಬುದನ್ನು ಬಿಡುವುದಿಲ್ಲ, ಮಾಸ್ಟರ್ ಮರಳುವುದಿಲ್ಲ.

ಚಿಕ್ಕಪ್ಪ ಏನೂ ಹೇಳಲಿಲ್ಲ. ಸಾಲ ಇನ್ನೂ ಇತ್ತು. ಸುಮ್ಮನಿದ್ದದ್ದೇ ಅವರ ದೊಡ್ಡತನ. ಎರಡು ದಿನ ತಂಗಿ ಅಂಗಡಿಗೆ ಹೋಗಿ ಬಂದು ಮಲಗಿದಳೇ ಹೊರತು ಬೀಟ್ ಹಾಕಲಿಲ್ಲ. ಮೂರನೇ ರಾತ್ರಿ ಎದ್ದು ಕೂತು, ಹೊಸದಾಗಿ ಬರೆಯುವ ಎರಡು ಹಾಡನ್ನು ಮಾತ್ರ ಅವರ ಷರತ್ತಿನ ಮೇಲೇ ಕೊಡುತ್ತೇನೆ, ಮೂರು ವರ್ಷ ಹಾಡುವುದೆಲ್ಲ ನಿಮ್ಮದು ಎಂಬ ಮಾತು ತೆಗೆಯಿರಿ ಎಂದು ತಾನೇ ಬರೆದು ಕಳಿಸಿದಳು. ಗೇಟಿನ ಹಾಡು ಪಟ್ಟಿಯಲ್ಲಿರಲಿಲ್ಲ. ಕಂಪನಿ ಒಪ್ಪಿತು. ಅಡ್ವಾನ್ಸು ಮೊದಲಿನದರ ಕಾಲು ಭಾಗವಾಯಿತು. ಅದು ನೇರ ದಲ್ಲಾಲಿ ಅಂಗಡಿಗೆ ಹೋಯಿತು, ಉಳಿದ ಸಾಲಕ್ಕೆ ಈ ಸಲದ ಭತ್ತವೇ ಆಧಾರ. ಸರಿ ಮಾಡಿದಳೋ ಇಲ್ಲವೋ ಎಂದು ಹೇಳಲು ಅವಳ ಹಾಡಿಗೆ ಇನ್ನೂ ವಯಸ್ಸಾಗಬೇಕು. ದೊಡ್ಡ ಕಂಪನಿಯ ಕೈಬಿಟ್ಟು ತೆರೆಮರೆಗೆ ಸರಿದವರೂ ಇದ್ದಾರೆ, ಕೈಹಿಡಿದು ಬೆಳೆದವರೂ ಇದ್ದಾರೆ. ಆದರೆ ಅವಳು ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಇವತ್ತು ಕೇಳಿದರೆ ಪುಟದ ಸಂಖ್ಯೆ ಸಮೇತ ಹೇಳುತ್ತಾಳೆ.

ನನ್ನ ಕ್ಷೇತ್ರಕಾರ್ಯದಲ್ಲೂ ಒಂದು ಪದ್ಧತಿ ಸೇರಿಕೊಂಡಿದೆ. ಕಥೆ ಮುಗಿದ ಮೇಲೆ ರೆಕಾರ್ಡರ್ ನಿಲ್ಲಿಸುವ ಮೊದಲು, ನಿಮ್ಮ ಹೆಸರು, ಊರು, ಯಾರಿಂದ ಕಲಿತಿರಿ ಎಂಬುದನ್ನು ನಿಮ್ಮ ಬಾಯಲ್ಲೇ ಹೇಳಿ ಎಂದು ಕೇಳುತ್ತೇನೆ. ಮೊದಲು ನಾಚಿಕೊಳ್ಳುತ್ತಾರೆ. ಆಮೇಲೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳುತ್ತಾರೆ. ಕೆಲವರು ತಮ್ಮ ಹೆಸರಿಗಿಂತ ಮೊದಲು ಅವ್ವನ ಹೆಸರು ಹೇಳುತ್ತಾರೆ. ಅದನ್ನೂ ಅದೇ ಕ್ರಮದಲ್ಲಿ ಬರೆದುಕೊಳ್ಳುತ್ತೇನೆ.